ಅಜೆಕಾರಿನ ಬೋರ್ಡೇ ಮೊದಲ ಪಾಠ



ಅಕ್ಷರ ಕಣ್ಣಿನ ವಿಷಯ, ರೇಡಿಯೋ ಕಿವಿಯ ವಿಷಯ. ಪುಟ್ಟ ಮಕ್ಕಳಿಗೆ ಅಕ್ಷರ ಗುರುತಿಸಲು ಕಲಿಸುವುದು ಹೇಗೆ ಎಂದು ರೇಡಿಯೋದಲ್ಲಿ ಹೇಳಲಿಕ್ಕೆ ಏನಿದೆ ಎಂದು ನಿಮಗೆ ಅನಿಸಬಹುದು. ಉಡುಪಿ ಜಿಲ್ಲೆಯ ಅಜೆಕಾರಿನ ಕಡೆಯಲ್ಲಿ ಬಹುಕಾಲ ಒಂದನೇ ತರಗತಿಗೆ ಪಾಠ ಮಾಡಿದವಳು ನಾನು. ಮಕ್ಕಳಿಗೆ ಅಕ್ಷರ ಮೊದಲು ಹೊಗುವುದು ಕಿವಿಯಿಂದಲೇ. ಕಿವಿಯಲ್ಲಿ ಕೂತದ್ದನ್ನು ಆಮೇಲೆ ಕಣ್ಣು ಗುರುತು ಹಿಡಿಯುತ್ತದೆ. ಈ ಕ್ರಮ ತಿರುಗಿದಲ್ಲೆಲ್ಲ ಮಗುವಿಗೂ ಮಂಡೆಬಿಸಿ, ಮನೆಯವರಿಗೂ ಮಂಡೆಬಿಸಿ.

ಶಾಲೆ ಶುರುವಾಗುವ ದಿನ ನಮ್ಮಲ್ಲಿ ಸಾಮಾನ್ಯವಾಗಿ ಮಳೆಯೂ ಶುರುವಾಗುವ ಹೊತ್ತು. ಕೊಡೆ ಮಡಚುತ್ತಾ ಒಳಗೆ ಬರುವ ಅಮ್ಮಂದಿರು ಹೇಳುವ ಮೊದಲ ಮಾತು ಒಂದೇ: “ಇವನಿಗೆ ಎಲ್ಲ ಬರ್ತದೆ ಟೀಚರ್. ಅ ದಿಂದ ಳ ವರೆಗೆ ಹೇಳ್ತಾನೆ.” ಮಗು ಹೇಳುತ್ತದೆ ಕೂಡ. ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು, ಉಸಿರು ಬಿಡದೆ, ಭಜನೆಯ ಧಾಟಿಯಲ್ಲಿ ಹೇಳುತ್ತದೆ. ಕೇಳಲು ಬಹಳ ಚೆಂದ. ಆಮೇಲೆ ನಾನು ಗೋಡೆಯ ಚಾರ್ಟಿನಲ್ಲಿ ಊ ಮೇಲೆ ಬೆರಳಿಟ್ಟು “ಇದು ಯಾವುದು ಪುಟ್ಟ?” ಎಂದು ಕೇಳುತ್ತೇನೆ. ಮಗು ನನ್ನ ಬೆರಳನ್ನು ನೋಡುವುದೇ ಇಲ್ಲ. ಅದರ ಕಣ್ಣು ಚಾರ್ಟಿನ ಮೇಲಿನ ಮೂಲೆಗೆ ಹೋಗುತ್ತದೆ, ತುಟಿ ಮೆಲ್ಲಗೆ ಅಲ್ಲಾಡುತ್ತದೆ: ಅ, ಆ, ಇ, ಈ, ಉ... ಊ ಬಂದಾಗ ಗಟ್ಟಿಯಾಗಿ “ಊ!” ಎನ್ನುತ್ತದೆ. ಉತ್ತರ ಸರಿ. ಆದರೆ ಆ ಮಗು ಊ ಅನ್ನು ಗುರುತಿಸಲಿಲ್ಲ, ಎಣಿಸಿತು. ಅದೇ ಊ ಅನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಎಣಿಸಲು ಸಾಲಿಲ್ಲ, ಸುಮ್ಮನೆ ನಿಲ್ಲುತ್ತದೆ.

ಬಾಯಿಪಾಠವನ್ನು ನಾನು ಬೈಯುವವಳಲ್ಲ. ವರ್ಣಮಾಲೆಯನ್ನು ಜೋಡಿಸಿದವರು ದಡ್ಡರಲ್ಲ. ಕ ಖ ಗ ಘ ಗಂಟಲಿನ ಬುಡದಲ್ಲಿ ಹುಟ್ಟುತ್ತವೆ, ಪ ಫ ಬ ಭ ತುಟಿಗೆ ಬಂದು ಮುಗಿಯುತ್ತವೆ. ಬಾಯಿಯ ಒಳಗಿನಿಂದ ಹೊರಗೆ ನಡೆದು ಬರುವ ಆ ಕ್ರಮದಲ್ಲಿ ಒಂದು ಶಾಸ್ತ್ರವೇ ಇದೆ. ಆದರೆ ಅದು ಅಕ್ಷರ ಬಲ್ಲವರು ಆಮೇಲೆ ನೋಡಿ ಮೆಚ್ಚಬೇಕಾದ ಕ್ರಮ. ಐದು ವರ್ಷದ ಮಗುವಿಗೆ ಅದರಿಂದ ಸಿಗುವುದು ಒಂದು ಹಾಡು ಮಾತ್ರ. ಹಾಡು ಇರಲಿ, ಅದನ್ನೇ ಓದು ಎಂದು ತಿಳಿದುಕೊಳ್ಳುವುದು ಬೇಡ.

ಈಗ ಆ ಚಾರ್ಟಿನ ಕಡೆಗೇ ಬರುತ್ತೇನೆ. ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟು ನಿಮ್ಮ ಮನೆಯ ಗೋಡೆಯಲ್ಲೂ ಇರಬಹುದು. ಆ ಆನೆ, ಇ ಇಲಿ, ಉ ಉಡ, ಊ ಊಟ, ಎ ಎಲೆ, ಏ ಏಣಿ, ಒ ಒಂಟೆ. ಕನ್ನಡ ಮನೆಮಾತಿನ ಮಗುವಿಗೆ ಇದು ಸಲೀಸು. ಚಿತ್ರ ನೋಡಿದ ಕೂಡಲೇ ಹೆಸರು ಬಾಯಿಗೆ ಬರುತ್ತದೆ, ಹೆಸರಿನ ತಲೆಯಲ್ಲೇ ಅಕ್ಷರ ಇರುತ್ತದೆ. ನಮ್ಮ ಅಜೆಕಾರಿನಲ್ಲಿ ಮನೆಯ ಒಳಗಿನ ಮಾತು ಹೆಚ್ಚಾಗಿ ತುಳು. ಇಗರ್ಜಿಗೆ ಹೋಗುವ ಮನೆಗಳಲ್ಲಿ ಕೊಂಕಣಿ, ಪೇಟೆಯ ಕೆಲವು ಮನೆಗಳಲ್ಲಿ ಬೇರೆ ಬಗೆಯ ಕೊಂಕಣಿ, ಇನ್ನು ಕೆಲವು ಮನೆಗಳಲ್ಲಿ ಬ್ಯಾರಿ, ಉರ್ದು. ಕನ್ನಡ ಶಾಲೆಯಲ್ಲಿ, ಟಿವಿಯಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ ಕೇಳುವ ಭಾಷೆ.

ಒಮ್ಮೆ ಒಬ್ಬ ಹುಡುಗಿಗೆ ಚಾರ್ಟಿನ ಎಲೆಯ ಚಿತ್ರ ತೋರಿಸಿದೆ. “ಹೇಳು, ಇದು ಏನು?” ಹಸಿರು ಎಲೆಯನ್ನು ನೋಡಿ ಅವಳು ಚೂರೂ ತಡಮಾಡದೆ “ಇರೆ” ಎಂದಳು. “ಹಾಗಾದರೆ ಈ ಅಕ್ಷರ?” “ಇ.” ನಾನು ಅಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. “ಟೀಚರ್, ಉಂದು ಇರೆ ಅತ್ತಾ?” ಇದು ಇರೆ ಅಲ್ಲವಾ? ಅವಳ ಅಜ್ಜಿ ಬೀಡಿ ಕಟ್ಟುವವರು. ಬೆಳಗಾದರೆ ಮೊರದ ತುಂಬ ಬೀಡಿಯ ಇರೆ, ನೀರು ಚಿಮುಕಿಸಿ ಮೆತ್ತಗೆ ಮಾಡಿದ ಇರೆ, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿದ ಇರೆ. ಇರೆ ಎಂದರೆ ಏನೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬೆರಳನ್ನು ಇಲಿಯ ಚಿತ್ರಕ್ಕೆ ಸರಿಸಿದೆ. ಅವಳು “ಎಲಿ” ಎಂದಳು. ತುಳುವಿನಲ್ಲಿ ಇಲಿ ಎಲಿಯೇ ಹೌದಲ್ಲ!

ನೋಡಿ, ಎಂಥ ಫಜೀತಿ. ಇ ಎಂದು ಬರೆದಲ್ಲಿ ಮಗುವಿನ ಬಾಯಿ ಎ ಎನ್ನುತ್ತದೆ, ಎ ಎಂದು ಬರೆದಲ್ಲಿ ಇ ಎನ್ನುತ್ತದೆ. ಚಾರ್ಟು ಮಾಡಿದವರು ತುಳು ಮಗುವನ್ನು ತಪ್ಪಿಸಲಿಕ್ಕೆಂದೇ ಹುಡುಕಿ ಹುಡುಕಿ ಇಟ್ಟ ಹಾಗೆ ಇದೆ! ಹುಡುಗಿಯ ಕಿವಿ ಸರಿಯಾಗಿತ್ತು, ಬುದ್ಧಿಯೂ ಸರಿಯಾಗಿತ್ತು. ಶಬ್ದದ ತಲೆಯಲ್ಲಿ ಯಾವ ಧ್ವನಿ ಇದೆಯೋ ಅದನ್ನೇ ಅವಳು ಹೇಳಿದ್ದು. ಅಕ್ಷರ ಕಲಿಯಲು ಬೇಕಾದ ಅತಿ ದೊಡ್ಡ ವಿದ್ಯೆ ಅದು, ಅವಳಲ್ಲಿ ಆಗಲೇ ಇತ್ತು. ಅದಕ್ಕೆ ನಾವು ತಪ್ಪು ಎಂದು ಗೀಟು ಎಳೆದರೆ ಮಗು ಏನು ಮಾಡುತ್ತದೆ? ಧ್ವನಿಯನ್ನು ನಂಬುವುದನ್ನೇ ಬಿಟ್ಟು ಟೀಚರ್ ಹೇಳಿದ್ದನ್ನು ಬಾಯಿಪಾಠ ಮಾಡುತ್ತದೆ.

ಅದಕ್ಕೆ ನಾನು ಹೇಳುವುದು ಇಷ್ಟೇ. ಚಾರ್ಟು ಹಾಕುವ ಮುಂಚೆ ಒಂದೊಂದು ಚಿತ್ರಕ್ಕೂ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಎಂದು ನೋಡಿ. ಆನೆ ತುಳುವಿನಲ್ಲೂ ಆನೆ, ಏಣಿ ಅಲ್ಲಿಯೂ ಏಣಿ. ಅವು ಇರಲಿ. ಇಲಿಯ ಮೇಲೆ ಒಂದು ಕಾಗದ ಅಂಟಿಸಿ ಇರೆಯ ಚಿತ್ರ ಬಿಡಿಸಿ. ಎಲೆಯ ಜಾಗಕ್ಕೆ ಎಲಿಯನ್ನು ತನ್ನಿ. ಒಂಟೆ ಅಜೆಕಾರಿಗೆ ಎಂದೂ ಬಂದದ್ದಿಲ್ಲ, ಅದು ಹೋದರೂ ನಷ್ಟವಿಲ್ಲ. ಒ ಗೆ ಒಣಸು ಬರಲಿ, ನಮ್ಮ ಮಧ್ಯಾಹ್ನದ ಊಟ. “ಟೀಚರ್, ಹಾಗೆ ಮಾಡಿದರೆ ಕನ್ನಡ ಹಾಳಾಗುವುದಿಲ್ಲವೇ?” ಎಂದು ಕೇಳಿದವರಿದ್ದಾರೆ. ಅಕ್ಷರದ ಗುರುತು ಒಮ್ಮೆ ಕೂತರೆ ಅದೇ ಇ ಯಿಂದ ಇಲಿಯನ್ನೂ ಮಗು ಓದುತ್ತದೆ, ಕನ್ನಡದ ಹೊಸ ಶಬ್ದವೊಂದು ಓದಿನಿಂದಲೇ ಸಿಕ್ಕಿತು ಎಂದು ಖುಷಿಪಡುತ್ತದೆ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಾಸ್ತರರಾಗಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ ಈ ಕರಾವಳಿಯ ಮಕ್ಕಳನ್ನು ಹತ್ತಿರದಿಂದ ಕಂಡ ಅವರು ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಎಂಥ ಬುನಾದಿ ಹಾಕಿದರು! ಮನೆಯ ಮಾತು ಬೇರೆ ಇದ್ದದ್ದು ಅವರ ಕನ್ನಡಕ್ಕೆ ಅಡ್ಡ ಬರಲಿಲ್ಲ.

ಅಕ್ಷರಕ್ಕೆ ಮುಂಚೆ ಕಿವಿ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದಕ್ಕೆ ಪುಸ್ತಕ ಬೇಡ, ಪೆನ್ಸಿಲ್ ಬೇಡ. ಬೀಡಿ ಕಟ್ಟುತ್ತಾ, ತೆಂಗಿನಕಾಯಿ ತುರಿಯುತ್ತಾ, ಬಸ್ಸಿಗೆ ಕಾಯುತ್ತಾ ಆಗುವ ಕೆಲಸ. ಮಗುವಿನ ಜೊತೆ ಚಪ್ಪಾಳೆ ತಟ್ಟಿ ಶಬ್ದ ಒಡೆಯಿರಿ. ತಾ-ರಾ-ಯಿ, ಮೂರು ಚಪ್ಪಾಳೆ. ಪು-ಚ್ಚೆ, ಎರಡು. ಅ-ಜೆ-ಕಾ-ರು, ನಾಲ್ಕು. ನಮ್ಮ ಲಿಪಿಯ ದೊಡ್ಡ ಉಪಕಾರ ಇಲ್ಲಿದೆ. ಹೆಚ್ಚುಕಡಿಮೆ ಎಷ್ಟು ಚಪ್ಪಾಳೆಯೋ ಅಷ್ಟು ಅಕ್ಷರ. ಮಗು ಕೈಯಲ್ಲಿ ತಟ್ಟಿದ್ದನ್ನೇ ನಾವು ಕಾಗದದಲ್ಲಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಈ ಸುಖ ಇಲ್ಲ. “ಎ ಫಾರ್ ಆಪಲ್” ಎನ್ನುವಲ್ಲಿ ಅಕ್ಷರದ ಹೆಸರು ಎ, ಶಬ್ದದಲ್ಲಿ ಕೇಳುವುದು ಆ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ. ಗ ಎಂದರೆ ಗ, ಅಷ್ಟೆ.

ಚಪ್ಪಾಳೆ ಬಂದ ಮೇಲೆ ಶಬ್ದದ ತಲೆ ಹುಡುಕುವ ಆಟ. “ಪ ದಿಂದ ಶುರುವಾಗುವ ಪ್ರಾಣಿ ಹೇಳು” ಎಂದರೆ ತುಳು ಮನೆಯ ಮಗು ಪಿಲಿ, ಪುಚ್ಚೆ, ಪೆತ್ತ ಎಂದು ಸಾಲಾಗಿ ಹೇಳುತ್ತದೆ. ಹುಲಿ, ಬೆಕ್ಕು, ದನ ಮೂರೂ ಪ ದ ಮನೆಯವೇ ಆದವು! ಕನ್ನಡದ ಹ ಇರುವಲ್ಲಿ ಬಹಳಷ್ಟು ಕಡೆ ತುಳುವಿನಲ್ಲಿ ಪ ಇದೆ. ಹೂ ನಮಗೆ ಪೂ, ಹಾಲು ಪೇರ್, ಹಣ್ಣು ಪರ್ಂದ್. ಇದು ಗೊತ್ತಿರುವ ಟೀಚರ್ ಹ ಅಕ್ಷರವನ್ನು ಹೂವಿನ ಚಿತ್ರದೊಂದಿಗೆ ಮೊದಲ ವಾರವೇ ತರುವುದಿಲ್ಲ. ತಲೆಯ ಆಟ ಸಾಕಾದರೆ ಬಾಲದ ಆಟ, ಅಂತ್ಯಾಕ್ಷರಿ. ಕಾರಿನಲ್ಲಿ ಹೋಗುವಾಗ ದೊಡ್ಡವರು ಹೊತ್ತು ಕಳೆಯಲು ಆಡುವ ಅಂತ್ಯಾಕ್ಷರಿ ನಿಜವಾಗಿ ಒಂದನೇ ತರಗತಿಯ ಪಾಠ. ಹಾಡು ಬೇಡ, ಶಬ್ದ ಸಾಕು.

ಇನ್ನು ಕಣ್ಣಿಗೆ ಬರೋಣ. ಯಾವ ಅಕ್ಷರ ಮೊದಲು?

ಅಜ್ಜಂದಿರನ್ನು ಕೇಳಿದರೆ ಅ ಆ ಇ ಈ. ಈಗಿನ ಸರಕಾರಿ ಶಾಲೆಯ ಮಕ್ಕಳ ಚೀಲ ನೋಡಿದ ಅಜ್ಜ ಒಬ್ಬರು “ಇದೆಂಥ ಮಾರಾಯ್ರೆ, ಅಕ್ಷರಮಾಲೆ ಕಡಿದು ಚೆಲ್ಲಾಪಿಲ್ಲಿ ಆಗಿದೆಯಲ್ಲ” ಎಂದಿದ್ದರು. ಒಂದನೇ ತರಗತಿಯ ಪಾಠ ಶುರುವಾಗುವುದು ರ, ಗ, ಸ, ದ, ಅ ಎಂದು. ಅಜ್ಜನಿಗೆ ನಾನು ಆ ಐದು ಅಕ್ಷರದಿಂದ ಏನೇನು ಬರೆಯಬಹುದು ಎಂದು ತೋರಿಸಿದೆ. ಸರ, ದರ, ಅರಸ, ಅಗಸ, ಗರಗಸ. ಊರಿನ ಹೆಸರು ಬೇಕಾದರೆ ಗದಗ ಕೂಡ ಇದೆ. ಅದೇ ಅ ಆ ಇ ಈ ಉ ಐದನ್ನು ಕಲಿತ ಮಗು ಎಷ್ಟು ಶಬ್ದ ಓದಬಲ್ಲದು? ಹೆಚ್ಚೆಂದರೆ ಆ ಎಂದು ಬಾಯಿ ತೆರೆಯಬಹುದು. ಕಲಿತ ವಾರವೇ ಓದಲು ಸಿಕ್ಕಿದರೆ ಮಗುವಿಗೆ ಅಕ್ಷರದ ಉಪಯೋಗ ಗೊತ್ತಾಗುತ್ತದೆ. ರ, ಗ, ಸ, ದ, ಅ ಬರೆಯಲಿಕ್ಕೂ ಬಹಳ ಕಷ್ಟವಿಲ್ಲ, ಕೈ ಉರುಟಾಗಿ ತಿರುಗಿದರೆ ಆಯಿತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ಕಾರ್ಡು, ಆಟ, ಹಾಡುಗಳ ಮೂಲಕ ಇಂಥ ಕಲಿಕೆಯನ್ನು ರಾಜ್ಯದ ಸರಕಾರಿ ಶಾಲೆಗಳಿಗೆ ತಂದಿತು. ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಯಲ್ಲಿ ಸಣ್ಣ ಹಳ್ಳಿ ಶಾಲೆಗಳಿಗಾಗಿ ಮಾಡಿದ ಪ್ರಯೋಗ ನೋಡಿಬಂದ ಶಿಕ್ಷಕರು ಅದಕ್ಕೆ ಕನ್ನಡದ ರೂಪ ಕೊಟ್ಟರು. ಅದರಲ್ಲಿ ಕಲಿಕಾ ಏಣಿ ಎಂದು ಒಂದು ಇದೆ, ಒಂದೊಂದು ಮಗು ಒಂದೊಂದು ಮೆಟ್ಟಿಲಲ್ಲಿ ಇರಬಹುದು. ಶಿಕ್ಷಕರಿಗೆ ಇದರಿಂದ ಕೆಲಸ ಜಾಸ್ತಿ, ದಾಖಲೆ ಬರೆಯುವುದೂ ಜಾಸ್ತಿ. ಅದರ ಬಗ್ಗೆ ಗೊಣಗಿದವರಲ್ಲಿ ನಾನೂ ಒಬ್ಬಳು. ಆದರೆ ಎಲ್ಲ ಮಕ್ಕಳೂ ಒಂದೇ ದಿನ ಕ ಕಲಿಯಬೇಕು ಎಂಬ ಹಟವನ್ನು ಅದು ಮುರಿಯಿತು. ಅದು ಸಣ್ಣ ಮಾತಲ್ಲ.

ಪುಸ್ತಕದ ಕ್ರಮ ಶಾಲೆಯದ್ದಾಯಿತು. ಮನೆಯವರಿಗೆ ನಾನು ಹೇಳುವ ಪುಸ್ತಕ ಬೇರೆ. ಅದು ರಸ್ತೆ ಬದಿಯಲ್ಲಿ ಬಿಟ್ಟಿಯಾಗಿ ನಿಂತಿದೆ.

ಅಜೆಕಾರು ಎಂಬ ಬೋರ್ಡನ್ನು ಒಮ್ಮೆ ಮನಸ್ಸಿನಲ್ಲಿ ಓದಿ. ನಾಲ್ಕೇ ಅಕ್ಷರ. ಮೊದಲನೆಯದು ಅ, ಶುದ್ಧ ಸ್ವರ, ಏನೂ ಸೇರಿಸದೆ ಇದ್ದ ಹಾಗೆ ಇರುವುದು. ಎರಡನೆಯದು ಜೆ, ಜ ಗೆ ಎತ್ವ. ಮೂರನೆಯದು ಕಾ, ಕ ಗೆ ಇಳಿ. ನಾಲ್ಕನೆಯದು ರು, ರ ಗೆ ಕೊಂಬು. ಒಂದು ಸ್ವರ, ಮೂರು ವ್ಯಂಜನ, ಮೂರು ಬೇರೆ ಬೇರೆ ಗುಣಿತದ ಚಿಹ್ನೆ. ಒಂದೂ ಪುನಃ ಬಂದಿಲ್ಲ. ಒತ್ತಕ್ಷರದ ಕಾಟವೂ ಇಲ್ಲ. ಪಠ್ಯಪುಸ್ತಕ ಸಮಿತಿಯವರು ಕೂತು ಯೋಚಿಸಿದರೂ ಇಷ್ಟು ಒಳ್ಳೆಯ ಮೊದಲ ಶಬ್ದ ಸಿಗುವುದು ಕಷ್ಟ. ಮೇಲಾಗಿ ಅದು ಮಗುವಿನ ಊರು. ಬಸ್ಸಿನ ತಲೆಯಲ್ಲಿ, ಅಂಗಡಿಯ ಬೋರ್ಡಿನ ಕೊನೆಯ ಸಾಲಿನಲ್ಲಿ, ಶಾಲೆಯ ಗೇಟಿನಲ್ಲಿ, ಜಾತ್ರೆಯ ಬ್ಯಾನರಿನಲ್ಲಿ, ಮದುವೆಯ ಕಾಗದದಲ್ಲಿ, ಎಲ್ಲಿ ನೋಡಿದರೂ ಅದೇ ನಾಲ್ಕು ಅಕ್ಷರ. ಒಂದೊಂದು ಕಡೆ ಒಂದೊಂದು ಬಣ್ಣ, ಒಂದೊಂದು ಗಾತ್ರ. ಪೈಂಟರ್ ಬರೆದ ಅ ಬೇರೆ, ಕಂಪ್ಯೂಟರಿನ ಅ ಬೇರೆ. ಎಲ್ಲವೂ ಅ ಎಂದು ಗೊತ್ತಾಗುವುದೇ ಗುರುತಿಸುವುದು. ಚಾರ್ಟಿನ ಒಂದೇ ಒಂದು ಅ ನೋಡಿದ ಮಗುವಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಅಲ್ಲಿಂದ ಮುಂದೆ ಬಸ್ಸಿನ ದಾರಿಯೇ ಪಾಠ. ಹೆಬ್ರಿಯ ಕಡೆಗೆ ಹೋದರೆ ಮುನಿಯಾಲು ಸಿಗುತ್ತದೆ. ಮು, ನಿ, ಯಾ, ಲು. ಕೊಂಬು ಮತ್ತೆ ಬಂತು, ಇಳಿ ಮತ್ತೆ ಬಂತು, ಹೊಸ ಚಿಹ್ನೆ ನಿ ಯ ಗುಡಿಸು ಒಂದೇ. ಅಜೆಕಾರು ಓದಿದ ಮಗು ಮುನಿಯಾಲನ್ನು ಅರ್ಧ ತಾನೇ ಬಿಡಿಸುತ್ತದೆ. ಆಮೇಲೆ ಉಡುಪಿ, ಅದರಲ್ಲೂ ಒತ್ತಕ್ಷರ ಇಲ್ಲ. ಆದರೆ ಅಜ್ಜಿ ಅದನ್ನು ಒಡಿಪು ಎನ್ನುತ್ತಾರೆ ಎಂಬುದನ್ನು ಮರೆಯಬೇಡಿ. “ಬೋರ್ಡಿನಲ್ಲಿ ಉಡುಪಿ ಎಂದು ಬರೆಯುತ್ತಾರೆ, ನಾವು ಒಡಿಪು ಎನ್ನುತ್ತೇವೆ, ಎರಡೂ ಒಂದೇ ಊರು” ಎಂದು ಹೇಳಿಬಿಟ್ಟರೆ ಮಗು ಒಪ್ಪಿಕೊಳ್ಳುತ್ತದೆ. ಮಕ್ಕಳು ಇಂಥ ಎರಡು ಹೆಸರುಗಳಿಗೆ ಹೆದರುವುದಿಲ್ಲ, ಮನೆಯಲ್ಲಿ ಅವರಿಗೇ ಎರಡೆರಡು ಹೆಸರಿರುತ್ತದೆ.

ಕಾಪು ಎರಡೇ ಅಕ್ಷರ, ಆದರೆ ಅಲ್ಲಿ ಒಂದು ಸೂಕ್ಷ್ಮ ಇದೆ. ಅಜೆಕಾರಿನ ರು ನೋಡಿ, ಕೊಂಬು ಪಕ್ಕದಲ್ಲಿ ಮೇಲೆ ಎದ್ದಿದೆ. ಕಾಪುವಿನ ಪು ನೋಡಿ, ಕೊಂಬು ಕೆಳಗೆ ಇಳಿದಿದೆ. ವು ಕೂಡ ಹಾಗೆಯೇ. ಏಕೆಂದರೆ ವ ಗೆ ಉಳಿದ ಅಕ್ಷರಗಳ ಹಾಗೆ ಪಕ್ಕದಲ್ಲಿ ಕೊಂಬು ಕೊಟ್ಟರೆ ಅದು ಮ ಆಗಿಬಿಡುತ್ತದೆ! ವು ಬರೆಯಲು ಹೋಗಿ ಮ ಬರೆಯುವ ಮಗುವಿಗೆ ಕಿವಿ ಹಿಂಡಿದವರನ್ನು ನಾನು ಕಂಡಿದ್ದೇನೆ. ಕಲಿತ ನಿಯಮವನ್ನೇ ಮಗು ಸರಿಯಾಗಿ ಹಚ್ಚಿದೆ. ಅಪವಾದ ಇರುವುದು ಲಿಪಿಯಲ್ಲಿ. ಹಾಗೆಯೇ ತಲೆಕಟ್ಟು. ಕ, ಗ, ತ, ದ ಗಳ ತಲೆಯ ಮೇಲೆ ಅದು ಇದೆ. ಜ, ಬ, ಲ ಗಳಿಗೆ ಇಲ್ಲ. ಬ ಗೆ ಇಲ್ಲದ್ದು ಭ ಗೆ ಇದೆ. ಇದನ್ನು ನಾವು ದೊಡ್ಡವರು ದಿನಾ ಬರೆಯುತ್ತೇವೆ, ಗಮನಿಸಿರುವುದಿಲ್ಲ. ಮಕ್ಕಳು ಗಮನಿಸುತ್ತಾರೆ.

ಎಣ್ಣೆಹೊಳೆ ಮತ್ತು ಕಾರ್ಕಳ ಸ್ವಲ್ಪ ಕಾಯಬೇಕು. ಎಣ್ಣೆಯಲ್ಲಿ ಒತ್ತು ಇದೆ. ಆದರೆ ಅದು ಸಜಾತಿ, ಣ ಗೆ ಣ ವೇ ಒತ್ತು, ಹಾಗಾಗಿ ಬೇಗ ಅರ್ಥವಾಗುತ್ತದೆ. ಕಾರ್ಕಳದ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಮಗುವಿನ ಸ್ವಂತ ಹೆಸರಿನಿಂದ ಶುರುಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಹೆಸರು ಕಮಲ, ಗಿರಿಜ, ರಮೇಶ ಎಂದಿದ್ದ ಕಾಲದಲ್ಲಿ ಅದು ಸುಲಭ. ಈಗ ಹಾಜರಿ ಪುಸ್ತಕ ತೆರೆದರೆ ಪ್ರಜ್ವಲ್, ಸಾನ್ವಿ, ಕ್ಷಿತಿಜ್, ಶ್ರೇಷ್ಠ! ಒಂದೊಂದು ಹೆಸರಿನಲ್ಲಿ ಒಂದೊಂದು ವ್ಯಾಕರಣದ ಅಧ್ಯಾಯ. ಹೆಸರು ಇಡುವಾಗ ಜಾತಕ ನೋಡುತ್ತಾರೆ, ಸಂಖ್ಯೆ ನೋಡುತ್ತಾರೆ, ಒಂದನೇ ತರಗತಿಯ ಟೀಚರನ್ನು ಯಾರೂ ಕೇಳುವುದಿಲ್ಲ. ಅಂಥ ಮಕ್ಕಳಿಗೆ ಮನೆಯಲ್ಲಿ ಕರೆಯುವ ಹೆಸರನ್ನು ಮೊದಲು ಬರೆದುಕೊಡಿ. ಚಿನ್ನು, ಪುಟ್ಟ, ಬಾಬು ಯಾವುದಾದರೂ ಆದೀತು.

ಕೈಯ ಬಗ್ಗೆ ಎರಡು ಮಾತು. ನವರಾತ್ರಿಯಲ್ಲಿ, ಮುಖ್ಯವಾಗಿ ವಿಜಯದಶಮಿಯಂದು, ನಮ್ಮ ಜಿಲ್ಲೆಯ ಕೊಲ್ಲೂರಿಗೆ ಎಲ್ಲೆಲ್ಲಿಂದಲೋ ಮಕ್ಕಳನ್ನು ವಿದ್ಯಾರಂಭಕ್ಕೆ ಕರೆತರುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಬರೆಸುತ್ತಾರೆ. ಹಿಂದೆ ಐಗಳ ಮಠದಲ್ಲಿ ಹೊಯಿಗೆಯ ಮೇಲೆ ಬರೆಯುತ್ತಿದ್ದದ್ದೂ ಹೀಗೆಯೇ. ಅದರಲ್ಲಿರುವ ಜಾಣತನವನ್ನು ಗಮನಿಸಿ: ಮಗುವಿನ ಕೈಗೆ ಪೆನ್ಸಿಲ್ ಕೊಟ್ಟಿಲ್ಲ. ಬೆರಳೇ ಲೇಖನಿ. ಅಕ್ಷರದ ತಿರುವು ನೇರ ಚರ್ಮಕ್ಕೆ ಗೊತ್ತಾಗುತ್ತದೆ, ತಪ್ಪಿದರೆ ಅಂಗೈಯಲ್ಲಿ ಸವರಿದರೆ ಮುಗಿಯಿತು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಸ್ಯಾಂಡ್ ಪೇಪರಿನಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳು ಅದರ ಮೇಲೆ ಬೆರಳಾಡಿಸುವಂತೆ ಮಾಡಿದರು. ಬೆರಳು ಕಲಿತದ್ದನ್ನು ಕಣ್ಣು ಬೇಗ ಹಿಡಿಯುತ್ತದೆ ಎಂದು ಆಕೆ ಕಂಡುಕೊಂಡಿದ್ದರು. 1939ರಲ್ಲಿ ಅವರು ಮದರಾಸಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು ಬಹಳ ಮಂದಿ ಶಿಕ್ಷಕರನ್ನು ತಯಾರುಮಾಡಿದರು.

ನಮಗೆ ಸ್ಯಾಂಡ್ ಪೇಪರ್ ಬೇಕೆಂದೇನಿಲ್ಲ. ಚಾವಡಿಯ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಮೊಳದಷ್ಟು ದೊಡ್ಡ ಅ ಬರೆಯಿರಿ. ಒಂದು ಮುಷ್ಟಿ ಹುಣಸೆ ಬೀಜ ಕೊಟ್ಟು ಗೆರೆಯ ಮೇಲೆ ಸಾಲಾಗಿ ಇಡಲು ಹೇಳಿ. ಮಗು ಎಲ್ಲಿಂದ ಶುರುಮಾಡುತ್ತದೆ ಎಂದು ಮಾತ್ರ ನೋಡುತ್ತಿರಿ. ಕೊನೆಯಿಂದ ಶುರುಮಾಡಿದರೆ ಬೈಯಬೇಡಿ, ಮೊದಲ ಬೀಜವನ್ನು ನೀವೇ ಇಟ್ಟುಬಿಡಿ. ಬೀಜ ಇಟ್ಟಾದ ಮೇಲೆ ಅದರ ಮೇಲೆಯೇ ನಡೆಯಲು ಬಿಡಿ, ಬರಿಗಾಲಲ್ಲಿ. ಕಾಲಿಗೂ ಅಕ್ಷರ ಗೊತ್ತಾಗಲಿ. ಕೇಳುತ್ತಿರುವ ದೊಡ್ಡವರು ಈಗ ನಿಮ್ಮ ಎಡ ಅಂಗೈಯಲ್ಲಿ ಬಲಗೈ ಬೆರಳಿನಿಂದ ಕಣ್ಣುಮುಚ್ಚಿ ಅ ಬರೆದು ನೋಡಿ. ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಕೊನೆ? ಕೈ ತಾನಾಗಿ ಹೋಯಿತಲ್ಲ? ಆ ದಾರಿ ಮಗುವಿನ ಕೈಗೆ ಇನ್ನೂ ಗೊತ್ತಿಲ್ಲ.

ಮೂರು ವರ್ಷದ ಮಗುವಿನ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು ಪುಟಗಟ್ಟಲೆ ಕಾಪಿ ಬರೆಸುವುದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಬೆರಳಿನ ಗಂಟುಗಳು ಅದಕ್ಕಿನ್ನೂ ಬಲಿತಿರುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಅಂಗನವಾಡಿ ಯೋಜನೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಇಟ್ಟದ್ದು ಆಟ, ಹಾಡು, ಕಥೆ. ವ್ಯಾನಿನಲ್ಲಿ ಎಲ್‌ಕೆಜಿಗೆ ಹೋಗುವ ಮಗು ಹೋಂವರ್ಕ್ ಬರೆಯುವುದನ್ನು ನೋಡಿ ಅಂಗನವಾಡಿಯ ಮಗು ಹಿಂದೆ ಬಿದ್ದಿತು ಎಂದು ಕಂಗಾಲಾಗುವ ತಾಯಂದಿರಿಗೆ ನಾನು ಹೇಳುವುದು, ಮಣ್ಣಿನ ಉಂಡೆ ಕಟ್ಟಿದ ಕೈ, ಅಬ್ಬಲಿಗೆ ಹೂ ಕಟ್ಟಲು ಕಲಿತ ಕೈ ಬರೆಯಲು ತಯಾರಾಗುತ್ತಿದೆ ಎಂದು.

ಎಷ್ಟು ಸಮಯ ಬೇಕು? ಈ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ಒಳ್ಳೆಯದು, ಏಕೆಂದರೆ ಅವಸರದಲ್ಲಿಯೇ ಹೆಚ್ಚಿನ ಅನಾಹುತ ಆಗುವುದು. ಇಂಗ್ಲಿಷಿನ 26 ಅಕ್ಷರ ಮಗು ಒಂದು ವರ್ಷದಲ್ಲಿ ಮುಗಿಸಿತು, ಕನ್ನಡದ 49 ಎರಡು ವರ್ಷದಲ್ಲಿ ಮುಗಿಯಬೇಕು ಎಂದು ಲೆಕ್ಕ ಹಾಕುವವರಿದ್ದಾರೆ. ಆ ಲೆಕ್ಕ ತಪ್ಪು. 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಹೌದು. ಆದರೆ ಒಂದು ಕ ಗೆ ಕಾಗುಣಿತದಲ್ಲಿ ಕ ದಿಂದ ಕಃ ವರೆಗೆ 15 ರೂಪ. 34 ವ್ಯಂಜನಕ್ಕೆ ಗುಣಿಸಿದರೆ 510. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಓದುವ ಮಕ್ಕಳ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮೂರು, ನಾಲ್ಕನೇ ತರಗತಿಯ ತನಕ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದ್ದಾರೆ. ಅದು ಮಕ್ಕಳ ಮಂದಬುದ್ಧಿಯಲ್ಲ, ಲಿಪಿಯ ಹರವು ಅಷ್ಟಿದೆ. ಹಾಗಂತ 510ನ್ನೂ ಒಂದೊಂದಾಗಿ ಕಲಿಯಬೇಕಾಗಿಲ್ಲ. ಕೊಂಬು ಎಂದರೇನು ಎಂದು ನಾಲ್ಕು ಕಡೆ ಕಂಡ ಮಗು ಐದನೆಯದನ್ನು ತಾನೇ ಓದುತ್ತದೆ.

ಮಹಾಪ್ರಾಣಗಳಿಗೆ ಗಡಿಬಿಡಿ ಬೇಡ. ಘ, ಛ, ಝ, ಢ ನಮ್ಮ ದಿನದ ಮಾತಿನಲ್ಲಿ ಕೇಳುವುದೇ ಕಡಿಮೆ, ತುಳುವಿನಲ್ಲಂತೂ ಹುಡುಕಬೇಕು. ಙ, ಞ ಗಳಿಂದ ಶುರುವಾಗುವ ಕನ್ನಡ ಶಬ್ದವೇ ಮಕ್ಕಳಿಗೆ ಸಿಗುವುದಿಲ್ಲ. ಮಗು ಅವನ್ನು ಹಾಡಿನಲ್ಲಿ ಹೇಳಿಕೊಂಡಿರಲಿ.

ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವ ಮಕ್ಕಳ ಬಗ್ಗೆ ಹೆದರಿ ಬರುವವರು ಬಹಳ. ಐದಾರು ವರ್ಷದ ತನಕ ಅದು ಸಾಮಾನ್ಯ. ಚೆಂಬನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಅದು ಚೆಂಬೇ ಎಂದು ಮಗು ಹುಟ್ಟಿದಂದಿನಿಂದ ಕಲಿತಿದೆ. ಯಾವ ಕಡೆ ಮುಖ ಮಾಡಿದೆ ಎಂಬುದು ಮುಖ್ಯವಾಗುವ ಮೊದಲ ವಸ್ತು ಅದರ ಬಾಳಿನಲ್ಲಿ ಅಕ್ಷರ. ಸ್ವಲ್ಪ ಸಮಯ ಕೊಡಿ. ಎರಡನೇ ತರಗತಿ ದಾಟಿದ ಮೇಲೂ ಅಕ್ಷರಗಳು ಕಲಸಿಹೋಗುತ್ತಿದ್ದರೆ ಮೊದಲು ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಕಿವಿ ಸೋರುವ ಮಗುವಿಗೆ ತ, ದ ಗಳ ವ್ಯತ್ಯಾಸ ಕೇಳುತ್ತಲೇ ಇರಲಿಕ್ಕಿಲ್ಲ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಹತ್ತಿರದಲ್ಲಿ ಮಣಿಪಾಲದ ಆಸ್ಪತ್ರೆ ಇದೆ. ತೋರಿಸುವುದಕ್ಕೆ ನಾಚಿಕೆ ಬೇಡ.

ಕೊಂಕಣಿ ಮನೆಗಳವರಿಗೆ ಒಂದು ಮಾತು. ನಿಮ್ಮಲ್ಲಿ ಒಂದು ಅನುಕೂಲ ಇದೆ. ನಮ್ಮ ಕಡೆಯ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. 1938ರಿಂದ ಮಂಗಳೂರಿನಿಂದ ಬರುತ್ತಿರುವ ರಾಕ್ಣೊ ವಾರಪತ್ರಿಕೆ ಮನೆಯಲ್ಲಿದ್ದರೆ ಮಗು ಶಾಲೆಯಲ್ಲಿ ಕಲಿತ ಅದೇ ಅಕ್ಷರದಿಂದ ಅಮ್ಮನ ಮಾತನ್ನು ಓದಬಹುದು. ಶಾಲೆಯ ಅಕ್ಷರ ಮನೆಯ ಮಾತಿಗೂ ಆಗುತ್ತದೆ ಎಂದು ಗೊತ್ತಾದ ಮಗುವಿನ ಉಮೇದೇ ಬೇರೆ. ತುಳುವಿಗೂ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಕನ್ನಡ ಲಿಪಿಯೇ, ತುಳು ಸಿನಿಮಾದ ಪೋಸ್ಟರುಗಳೇ ಅದಕ್ಕೆ ಸಾಕ್ಷಿ. ಪೋಸ್ಟರ್ ಓದಿಸಿ, ತಪ್ಪೇನಿಲ್ಲ.

ಓದಲು ಬಾರದ ಅಜ್ಜಿಯಂದಿರು “ನಮಗೆಂಥದ್ದು ಗೊತ್ತು, ನಾವು ಹೇಳಿಕೊಡುವುದಾ” ಎನ್ನುತ್ತಾರೆ. ಅಜ್ಜಿಯಂದಿರೇ, ಚಪ್ಪಾಳೆಯ ಆಟ, ತಲೆ ಹುಡುಕುವ ಆಟ ಎರಡಕ್ಕೂ ಓದು ಬೇಡ. ಬೀಡಿ ಸುತ್ತುತ್ತಾ “ಕ ದಿಂದ ಒಂದು ತರಕಾರಿ ಹೇಳು ನೋಡುವ” ಎಂದು ಕೇಳಿ. ಅಷ್ಟು ಆದರೆ ಉಳಿದದ್ದನ್ನು ನಾವು ಶಾಲೆಯಲ್ಲಿ ನೋಡಿಕೊಳ್ಳುತ್ತೇವೆ.

ಇನ್ನು ಉಳಿದದ್ದು ಕಾರ್ಕಳ. ಕಂಡಕ್ಟರ್ “ಕಾರ್ಲ, ಕಾರ್ಲ” ಎಂದು ಕೂಗುತ್ತಾರೆ, ಬೋರ್ಡಿನಲ್ಲಿ ಕಾರ್ಕಳ ಎಂದಿದೆ. ಅದೊಂದು ತೊಡಕು. ಅದಕ್ಕಿಂತ ದೊಡ್ಡದು ಅರ್ಕಾವೊತ್ತು. ಬಾಯಲ್ಲಿ ರ್ ಮೊದಲು, ಕ ಆಮೇಲೆ. ಬರೆಯುವಾಗ ಕ ಮೊದಲು, ಆ ಕೊಕ್ಕೆಯಂಥ ಗುರುತು ಆಮೇಲೆ. ಮಗು ಬರೆದ ಕ್ರಮದಲ್ಲೇ ಓದಿ “ಕಾಕರಳ” ಎಂದರೆ ಅದು ಸರಿಯಾಗಿಯೇ ಓದಿದೆ ಎಂದು ತಿಳಿಯಿರಿ. ಅದಕ್ಕೆ ಅರ್ಕಾವೊತ್ತಿನ ಗುಟ್ಟು ಇನ್ನೂ ಯಾರೂ ಹೇಳಿಲ್ಲ, ಅಷ್ಟೆ. ಅವಸರ ಮಾಡಬೇಡಿ. ಅಜೆಕಾರು, ಮುನಿಯಾಲು, ಉಡುಪಿ, ಕಾಪು ಸರಾಗವಾಗಿ ಓದಿ, ಎಣ್ಣೆಹೊಳೆಯ ಒತ್ತು ದಾಟಿದ ಮೇಲೆ, ಎರಡನೇ ತರಗತಿಯ ದಸರಾ ರಜೆಯ ಹೊತ್ತಿಗೆ ಮಗುವನ್ನು ಬಸ್ಸಿನ ಮುಂದೆ ನಿಲ್ಲಿಸಿ ಕಾರ್ಕಳ ಓದಿಸಿ. ಸೂರ್ಯ, ಪರ್ವತ, ಅರ್ಧ ಎಂಬ ಶಬ್ದಗಳೂ ಅದೇ ವಾರ ಬರಲಿ. ಸೂರ್ಯನನ್ನು ಬೇಕಾದರೆ ಸೂರಿಯ ಎಂದು ಓದಲಿ, ಆ ತಿದ್ದುಪಡಿಗೆ ಮೂರನೇ ತರಗತಿ ಇದೆ.